ಲೆಕ್ಕ ಕಲಿತ ಕನ್ನಡಿಗ ಮಾಲೀಕನಾಗಲಿ!

ಬಿ.ಕಾಂ., ಬಿಬಿಎ, ಅರ್ಥಶಾಸ್ತ್ರ ಅಂತ ಕಾಲೇಜು ಸೇರಿರುವ ತಮ್ಮಂದಿರೇ, ತಂಗಿಯರೇ,

ನಾನು ಪಿಯುಸಿಗೇ ಓದು ನಿಲ್ಲಿಸಿದವನು. ಪ್ರೆಸ್ ನಡೆಸುತ್ತೇನೆ. ಕಳೆದ ವರ್ಷ ಲೆಕ್ಕ ಬರೆಯಲು ಬಿ.ಕಾಂ. ಮುಗಿಸಿದ ನಮ್ಮ ಹುಡುಗನೊಬ್ಬ ಬಂದ. 'ಡಿಪ್ರಿಸಿಯೇಷನ್ ಅಂದ್ರೇನಪ್ಪಾ?' ಅಂದೆ. ಇಂಗ್ಲಿಷಿನಲ್ಲಿ ಗಿಳಿಯಂತೆ ಒಪ್ಪಿಸಿದ. 'ಸರಿ, ಈ ಆಫ್‌ಸೆಟ್ ಮೆಷಿನ್ನಿನ ಸವಕಳಿ ಲಗ್ನಪತ್ರಿಕೆಯ ರೇಟಿಗೆ ಎಷ್ಟು ಸೇರಬೇಕು?' ಅಂದೆ. ಮಾತೇ ಇಲ್ಲ!

ನಗಬೇಡಿ. ಅವನಿಗೆ ಪದ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ. ಪ್ರೆಸ್ ಶುರು ಮಾಡಿದಾಗ ನನಗೆ ಎರಡೂ ಗೊತ್ತಿರಲಿಲ್ಲ. 8 ಲಕ್ಷದ ಮೆಷಿನ್ 10 ವರ್ಷ ದುಡಿದರೆ ವರ್ಷಕ್ಕೆ 80 ಸಾವಿರ ಸವೆಯುತ್ತದೆ. ಕಾಗದ, ಇಂಕು, ಪ್ಲೇಟು, ಕೂಲಿ ಕಳೆದು ಉಳಿದದ್ದೆಲ್ಲ ಲಾಭವೆಂದು ಐದು ವರ್ಷ ಉಂಡೆ. ಉಂಡದ್ದು ಲಾಭವಲ್ಲ, ಮೆಷಿನ್ನಿನ ಮೈ! ಹೊಸದು ಕೊಳ್ಳುವ ದಿನ ಕೈ ಬರಿದಾಗಿತ್ತು, ಸಾಲಕ್ಕೆ ಅಲೆದೆ.

ವ್ಯವಹಾರ ಈ ನಾಡಿಗೆ ಹೊಸದೇ? 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕಟ್ಟಿದ ನಿಧಿಯೇ ಕೆನರಾ ಬ್ಯಾಂಕ್. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿಗೆ ಬುನಾದಿ ಹಾಕಿದರು. ಮುಂದೆ ಸಿಂಡಿಕೇಟ್ ಆದ ಬ್ಯಾಂಕು 1928ರಲ್ಲೇ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಪಿಗ್ಮಿ ಕೂಡಿಸಿತು. ಬಡವರೊಡನೆ ಅವರ ಮಾತಿನಲ್ಲೇ ಮಾಡಿದ ಅರ್ಥಶಾಸ್ತ್ರ ಅದು!

ಇಂದು? 2017ರಲ್ಲಿ ಮೈಸೂರು ಬ್ಯಾಂಕ್, 2019ರಲ್ಲಿ ವಿಜಯಾ, 2020ರಲ್ಲಿ ಕಾರ್ಪೊರೇಷನ್, ಸಿಂಡಿಕೇಟ್ ಬೋರ್ಡುಗಳು ಇಳಿದವು. ನಾವು ಕೂಗಿದೆವು. ಕೂಗಲೇಬೇಕಿತ್ತು. ಆದರೆ ಘೋಷಣೆಯಿಂದ ಬ್ಯಾಂಕು ಹುಟ್ಟುವುದಿಲ್ಲ. ಲೆಕ್ಕ ಬಲ್ಲವರಿಂದ ಹುಟ್ಟುತ್ತದೆ.

ಇಂಗ್ಲಿಷ್ ಬೇಡ ಅನ್ನುತ್ತಿಲ್ಲ. ಪರೀಕ್ಷೆಗೂ ಬೇಕು, ಜಿಎಸ್‌ಟಿ ರಿಟರ್ನಿಗೂ ಬೇಕು. ಆದರೆ ಬಂಡವಾಳ, ಬಡ್ಡಿ, ಉದ್ರಿ, ಸವಕಳಿ ಮೊದಲು ಕನ್ನಡದಲ್ಲಿ ತಲೆಗೆ ಇಳಿಯಲಿ. ಇಂಗ್ಲಿಷ್ ಮಾಧ್ಯಮದವರಿಗೂ ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಬಿಡಿ ಎಂದು ಯುಜಿಸಿಯೇ 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಹೇಳಿದೆ. ನಿಮ್ಮ ಕಾಲೇಜಿನಲ್ಲಿ ಕೇಳಿದ್ದೀರಾ? ನಾಳೆಯೇ ಕೇಳಿ!

ಇನ್ನೊಂದು ಕೆಲಸ. ಇಂದು ಓದಿದ ಪಾಠವನ್ನು ಸಂಜೆ ನಿಮ್ಮ ಬೀದಿಯ ಅಂಗಡಿಯವರಿಗೆ ಕನ್ನಡದಲ್ಲಿ ಹೇಳಿ ನೋಡಿ. ಅವರು ತಲೆದೂಗಿದರೆ ನಿಮಗೆ ಬಂದಿದೆ ಅಂತ ಲೆಕ್ಕ.

ಆ ಹುಡುಗ ಈಗಲೂ ನನ್ನಲ್ಲೇ ಇದ್ದಾನೆ. ಪ್ರತಿ ಬಿಲ್ಲಿಗೂ ಸವಕಳಿ ಹಿಡಿಯುತ್ತಾನೆ. ನಾಳೆ ಸ್ವಂತ ಪ್ರೆಸ್ ಹಾಕಿದರೆ ನನಗೆ ಪೈಪೋಟಿ. ಹಾಕಲಿ! ಬೋರ್ಡು ಕನ್ನಡದಲ್ಲಿದ್ದರೆ ಸಾಲದು, ಗಲ್ಲಾಪೆಟ್ಟಿಗೆಯ ಬೀಗದ ಕೈಯೂ ಕನ್ನಡಿಗನ ಸೊಂಟದಲ್ಲಿರಬೇಕು.