ಭ್ರೂಣದ ಪರೀಕ್ಷೆ: ಯಾವ ಕಾಯಿಲೆಗಾಗಿ ಎಂದು ಮೊದಲು ಕೇಳಿ

ದ್ರಾಕ್ಷಿ ಬೆಳೆಯುವ ನಮ್ಮ ಬೆಳಗಾವಿ ಜಿಲ್ಲೆಯ ಐಗಳಿ, ತೆಲಸಂಗ ಸೀಮೆಯವರಿಗೆ ಬಳ್ಳಿಯ ಕಣ್ಣಿನ ತಪಾಸಣೆ ಹೊಸದಲ್ಲ. ಅಕ್ಟೋಬರ್ ಚಾಟ್ನಿಗೆ (ಬಳ್ಳಿ ಸವರುವುದಕ್ಕೆ) ಮುಂಚೆ ಬಳ್ಳಿಯ ಕಡ್ಡಿ ಕತ್ತರಿಸಿ ಪ್ರಯೋಗಾಲಯಕ್ಕೆ ಒಯ್ದರೆ, ಅಲ್ಲಿ ಒಂದೊಂದೇ ಕಣ್ಣನ್ನು ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟು, ಒಳಗೆ ಗೊನೆ ಕಟ್ಟಿದೆಯೇ ಎಂದು ನೋಡುತ್ತಾರೆ. ಎಷ್ಟನೇ ಕಣ್ಣಿನ ಮೇಲೆ ಕತ್ತರಿ ಆಡಿಸಬೇಕು ಎಂಬುದು ಆ ವರದಿಯಿಂದ ತಿಳಿಯುತ್ತದೆ. ಗೊನೆಯಿಲ್ಲದ ಕಣ್ಣಿಗೆ ಗೊನೆ ತಂದುಕೊಡುವ ಶಕ್ತಿ ತಪಾಸಣೆಗಿಲ್ಲ ಎಂಬುದು ಬೆಳೆಗಾರನಿಗೆ ಗೊತ್ತು. ಮಕ್ಕಳಿಗಾಗಿ ಐವಿಎಫ್ ಕೇಂದ್ರದ ಮೆಟ್ಟಿಲು ಹತ್ತುವ ದಂಪತಿಗೂ ಭ್ರೂಣದ ವಂಶವಾಹಿ ಪರೀಕ್ಷೆಯ ವಿಚಾರದಲ್ಲಿ ಇಷ್ಟೇ ಸ್ಪಷ್ಟ ತಿಳಿವಳಿಕೆ ಸಿಗಬೇಕು.

ಪರೀಕ್ಷೆ ನಡೆಯುವ ಬಗೆ ಹೀಗೆ. ಪ್ರಯೋಗಾಲಯದಲ್ಲಿ ಬೆಳೆದ ಭ್ರೂಣಕ್ಕೆ ಐದಾರು ದಿನ ತುಂಬಿದಾಗ, ಮುಂದೆ ಮಾಸು ಆಗಬೇಕಾದ ಹೊರಪದರದಿಂದ ಐದರಿಂದ ಹತ್ತು ಜೀವಕೋಶಗಳನ್ನು ಬಿಡಿಸಿಕೊಳ್ಳುತ್ತಾರೆ. ಭ್ರೂಣವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಜೀವಕೋಶಗಳ ಡಿಎನ್ಎ ವರದಿ ಬಂದ ಮೇಲೆ ಯಾವ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸಬೇಕೆಂಬ ತೀರ್ಮಾನ. 1990ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಅಲನ್ ಹ್ಯಾಂಡಿಸೈಡ್ ಮತ್ತು ಸಂಗಡಿಗರು ಈ ದಾರಿ ತೆರೆದದ್ದು, ಗಂಡುಮಕ್ಕಳನ್ನು ಕಾಡುವ ಆನುವಂಶಿಕ ಕಾಯಿಲೆಗಳು ಮನೆತನದಲ್ಲಿದ್ದ ದಂಪತಿಗಳಿಗಾಗಿ.

ಒಂದೇ ಹೆಸರಿನಡಿ ಇಂದು ಎರಡು ಬೇರೆ ಬೇರೆ ಪರೀಕ್ಷೆಗಳು ನಡೆಯುತ್ತಿವೆ. ಗೊತ್ತಿರುವ ಒಂದು ಕಾಯಿಲೆಯನ್ನು ಹುಡುಕುವುದು ಪಿಜಿಟಿ-ಎಂ. ವರ್ಣತಂತುಗಳ ಲೆಕ್ಕ ಸರಿಯಿದೆಯೇ ಎಂದು ಎಣಿಸುವುದು ಪಿಜಿಟಿ-ಎ. ಈ ವ್ಯತ್ಯಾಸ ತಿಳಿಯದ ದಂಪತಿಗೆ 'ಭ್ರೂಣ ನಾರ್ಮಲ್' ಎಂಬ ಒಂದು ಸಾಲು ಎಲ್ಲ ರೋಗಗಳಿಂದಲೂ ಬಿಡುಗಡೆ ಸಿಕ್ಕಂತೆ ಕೇಳಿಸುತ್ತದೆ. ವರ್ಣತಂತು ಎಣಿಸಿದ ವರದಿ, ಥಲಸ್ಸೇಮಿಯಾದಂಥ ಆನುವಂಶಿಕ ರಕ್ತಕಾಯಿಲೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ನಮ್ಮ ಭಾಗಕ್ಕೆ ನಿಜವಾಗಿ ಬೇಕಾದದ್ದು ಮೊದಲನೆಯದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಶೇ 27ರಷ್ಟು ಮದುವೆಗಳು ರಕ್ತಸಂಬಂಧದಲ್ಲಿ ಆಗಿವೆ. ದೇಶದ ಸರಾಸರಿ ಶೇ 11. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವುದು ನಮ್ಮಲ್ಲಿ ಬಾಂಧವ್ಯದ ಮಾತು, ಹೊಲಮನೆ ಒಡೆಯದಿರುವ ಮಾತು. ಅದನ್ನು ಹೀಯಾಳಿಸಿ ಪ್ರಯೋಜನವಿಲ್ಲ. ಆದರೆ ಒಂದೇ ಅಜ್ಜನಿಂದ ಬಂದ ಒಂದೇ ದೋಷ ಗಂಡ, ಹೆಂಡತಿ ಇಬ್ಬರಲ್ಲೂ ಅಡಗಿ ಕುಳಿತಿರುವ ಸಾಧ್ಯತೆ ಇಲ್ಲಿ ಹೆಚ್ಚು. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು.

ಥಲಸ್ಸೇಮಿಯಾ ಮೇಜರ್ ಇರುವ ಮಗುವಿನ ಮನೆಯನ್ನು ನೆನೆಯಿರಿ. ಎರಡು–ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಮಗುವಿನ ಮುಖ ಬಿಳಿಚಿಕೊಂಡಿತೆಂದರೆ ಅವ್ವ ಚೀಲ ಕಟ್ಟಿಕೊಳ್ಳುತ್ತಾಳೆ; ಅಪ್ಪ ಅಂದಿನ ಕೂಲಿ ಬಿಡುತ್ತಾನೆ. ಹಾಕಿಸಿದ ರಕ್ತದಿಂದ ಮೈಯಲ್ಲಿ ಸೇರುವ ಕಬ್ಬಿಣ ಇಳಿಸಲು ನಿತ್ಯ ಮಾತ್ರೆ ಬೇರೆ. ಈ ಮನೆಯವರು ಇನ್ನೊಂದು ಮಗುವಿಗೆ ಆಸೆಪಟ್ಟರೆ, ಪಿಜಿಟಿ-ಎಂ ಅವರ ಪಾಲಿಗೆ ದೊಡ್ಡ ಆಸರೆ. ಹನ್ನೊಂದು ವಾರದ ನಂತರ ಗರ್ಭಿಣಿಯ ಮಾಸಿನ ತುಣುಕು ಪರೀಕ್ಷಿಸಿಯೂ ಕಾಯಿಲೆ ತಿಳಿಯಬಹುದು. ಆದರೆ ವರದಿ ಕೆಟ್ಟದಾದರೆ ಬಸಿರು ತೆಗೆಸುವ ಸಂಕಟ ತಾಯಿಯದು. ಆ ಸಂಕಟ ತಪ್ಪಿಸುವುದೇ ಭ್ರೂಣ ಪರೀಕ್ಷೆಯ ಹಿರಿಮೆ. ಇದಕ್ಕೂ ತಂದೆ, ತಾಯಿಯ ಡಿಎನ್ಎಯಲ್ಲಿ ದೋಷ ಎಲ್ಲಿದೆ ಎಂಬುದು ಮೊದಲೇ ಗೊತ್ತಿರಬೇಕು. ಅಂದರೆ ಐವಿಎಫ್ ಕೇಂದ್ರಕ್ಕೆ ಹೋಗುವ ಮೊದಲೇ ಕೆಲಸ ಶುರುವಾಗಿರಬೇಕು.

ಎರಡನೆಯದರ ಕಥೆ ಬೇರೆ. ವರ್ಣತಂತು ಎಣಿಕೆಯಿಂದ ಯಶಸ್ಸು ಹೆಚ್ಚುತ್ತದೆ ಎಂಬ ಭರವಸೆಯನ್ನು ಚೀನಾದ 14 ಕೇಂದ್ರಗಳಲ್ಲಿ 1,212 ಮಹಿಳೆಯರ ಮೇಲೆ ಒರೆಗೆ ಹಚ್ಚಿದರು. 2021ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಪರೀಕ್ಷೆ ಮಾಡಿಸಿದವರಲ್ಲಿ ಶೇ 77.2ರಷ್ಟು ಮಂದಿಗೆ ಮಗುವಾಯಿತು. ಮಾಡಿಸದವರಲ್ಲಿ ಶೇ 81.8. ಅವರೆಲ್ಲ 37 ವರ್ಷದೊಳಗಿನ, ಒಳ್ಳೆಯ ಭ್ರೂಣಗಳಿದ್ದ ಮಹಿಳೆಯರು. ವಯಸ್ಸಾದವರಲ್ಲಿ, ಪದೇ ಪದೇ ಗರ್ಭಪಾತ ಆದವರಲ್ಲಿ ವೈದ್ಯರ ಲೆಕ್ಕಾಚಾರ ಬೇರೆ ಇರಬಹುದು. ಆದರೆ ಬಂದವರಿಗೆಲ್ಲ ಪ್ಯಾಕೇಜಿನ ಭಾಗವಾಗಿ ಇದನ್ನು ಮಾರುವುದಕ್ಕೆ ಆಧಾರವಿಲ್ಲ. ಬಳ್ಳಿಯಲ್ಲಿ ನೂರಾರು ಕಣ್ಣುಗಳಿರುತ್ತವೆ. ದಂಪತಿಯ ಕೈಯಲ್ಲಿರುವುದು ಎರಡೋ ಮೂರೋ ಭ್ರೂಣ. ಹೊರಪದರದ ಜೀವಕೋಶಗಳ ಲೆಕ್ಕ ಒಳಗಿನದಕ್ಕೆ ತಾಳೆಯಾಗದೆ, ಮಗುವಾಗಬಹುದಾಗಿದ್ದ ಭ್ರೂಣವೇ ಕಸಕ್ಕೆ ಹೋದರೆ ಆ ನಷ್ಟಕ್ಕೆ ಹೊಣೆ ಯಾರು?

ಗಡಿ ಭಾಗದ ನಮಗೆ ಇನ್ನೂ ಒಂದು ಎಚ್ಚರ ಬೇಕು. ವರ್ಣತಂತು ಎಣಿಸುವ ಯಂತ್ರಕ್ಕೆ ಹೆಣ್ಣೋ ಗಂಡೋ ಎಂಬುದೂ ಕಾಣುತ್ತದೆ. ಕಾಗವಾಡದಿಂದ ಗಡಿ ದಾಟಿದರೆ ಸಿಗುವ ಮ್ಹೈಸಾಳದಲ್ಲಿ 2017ರ ಮಾರ್ಚಿನಲ್ಲಿ, ಗರ್ಭಪಾತದ ವೇಳೆ ಹೆಣ್ಣುಮಗಳೊಬ್ಬಳು ಸತ್ತ ಮೇಲೆ ಪೊಲೀಸರು ನೆಲ ಅಗೆದಾಗ 19 ಭ್ರೂಣಗಳು ಸಿಕ್ಕವು. 2022ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಮೂಡಲಗಿಯ ಹಳ್ಳದಲ್ಲಿ ಡಬ್ಬಿಗಳಲ್ಲಿ ತುಂಬಿದ ಏಳು ಭ್ರೂಣಗಳು ತೇಲಿದವು. ಸ್ಕ್ಯಾನಿಂಗ್ ಯಂತ್ರವನ್ನು ದುರುಪಯೋಗ ಮಾಡಿಕೊಂಡ ಗಂಡುಮಗುವಿನ ಆಸೆಯೇ ಪ್ರಯೋಗಾಲಯದ ಬಾಗಿಲನ್ನೂ ತಟ್ಟೀತು. ಅಲ್ಲಿ ನೆಲ ಅಗೆದರೆ ಸಿಗುವ ಸಾಕ್ಷ್ಯವೂ ಇರುವುದಿಲ್ಲ.

ಕಾನೂನು ಇದನ್ನು ಮುಂಗಂಡಿದೆ. 1994ರ ಲಿಂಗಪತ್ತೆ ತಡೆ ಕಾಯ್ದೆಗೆ 2003ರಲ್ಲಿ ತಂದ ತಿದ್ದುಪಡಿ, ಗರ್ಭ ಕಟ್ಟುವ ಮೊದಲಿನ ಆಯ್ಕೆಯನ್ನೂ ನಿಷೇಧಿಸಿತು. 2021ರ ಸಂತಾನೋತ್ಪತ್ತಿ ನೆರವು ತಂತ್ರಜ್ಞಾನ ಕಾಯ್ದೆ, ಗೊತ್ತಿರುವ ಆನುವಂಶಿಕ ಕಾಯಿಲೆಗಳ ಪತ್ತೆಯೇ ಭ್ರೂಣ ಪರೀಕ್ಷೆಯ ಉದ್ದೇಶ ಎಂದಿದೆ. ಬೇಕಾದ ಲಿಂಗದ ಮಗು ಕೊಡುತ್ತೇವೆ ಎನ್ನುವವರಿಗೆ ಐದರಿಂದ ಹತ್ತು ವರ್ಷ ಜೈಲು ಅಥವಾ 10ರಿಂದ 25 ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ನಮ್ಮ ಕಡೆಯ ರೋಗಿಗಳು ಮಿರಜ್, ಸಾಂಗ್ಲಿಗೆ ಹೋಗುವುದು ವಾಡಿಕೆ. ಹಾಗಾಗಿ ಬೆಳಗಾವಿ ಮತ್ತು ಸಾಂಗ್ಲಿ ಜಿಲ್ಲಾಡಳಿತಗಳು ಕೂಡಿಯೇ ಐವಿಎಫ್ ಕೇಂದ್ರಗಳ ದಾಖಲೆ ತಪಾಸಿಸಬೇಕು. ಯಾವ ಭ್ರೂಣವನ್ನು ಏಕೆ ಕೈಬಿಡಲಾಯಿತು ಎಂಬುದಕ್ಕೆ ಲಿಖಿತ ಕಾರಣ ಇರಲೇಬೇಕು.

ಸರ್ಕಾರ ಮಾಡಬೇಕಾದ ಕೆಲಸ ಇನ್ನೂ ಕೆಳಗಿನಿಂದ ಶುರುವಾಗಲಿ. ಸಂಬಂಧದಲ್ಲಿ ಮದುವೆ ಕುದುರಿದವರಿಗೆ, ಚೊಚ್ಚಲ ಬಸುರಿಯರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಥಲಸ್ಸೇಮಿಯಾ ವಾಹಕ ಪರೀಕ್ಷೆ ಉಚಿತವಾಗಿ ಸಿಗಲಿ. ರಕ್ತ ಕೊಟ್ಟರೆ ಸಾಕು, ಆಗಿಹೋಗುವ ಕೆಲಸ ಅದು. ಜಿಲ್ಲೆಗೊಬ್ಬ ವಂಶವಾಹಿ ಆಪ್ತಸಮಾಲೋಚಕರು ಬರಲಿ. ಈಗಾಗಲೇ ಕಾಯಿಲೆಯ ಮಗುವನ್ನು ಸಾಕುತ್ತಿರುವ ಬಡ ದಂಪತಿಗೆ ಪಿಜಿಟಿ-ಎಂ ಖರ್ಚನ್ನು ಸರ್ಕಾರವೇ ಹೊರಲಿ. ಇಲ್ಲದಿದ್ದರೆ, ಯಾರಿಗೆ ಬೇಕಿಲ್ಲವೋ ಅವರು ಸಾಲ ಮಾಡಿ ಪರೀಕ್ಷೆ ಮಾಡಿಸುತ್ತಾರೆ. ಯಾರಿಗೆ ಬೇಕೋ ಅವರಿಗೆ ಅಂಥದ್ದೊಂದು ಇದೆ ಎಂಬುದೇ ತಿಳಿಯುವುದಿಲ್ಲ.

ಅಲ್ಲಿಯವರೆಗೆ, ಒಪ್ಪಿಗೆ ಪತ್ರ ಮುಂದಿಟ್ಟಾಗ ದಂಪತಿ ಕೇಳಬೇಕಾದ ಮಾತು ಒಂದೇ: 'ಡಾಕ್ಟ್ರೇ, ನಮ್ಮ ಮನೆತನದ ಯಾವ ಕಾಯಿಲೆಗಾಗಿ ಈ ಪರೀಕ್ಷೆ?' ಅರ್ಥವಾಗುವ ಕನ್ನಡದಲ್ಲಿ ಉತ್ತರ ಬರುವ ತನಕ ಸಹಿ ಮಾಡದೆ ಕೂರುವ ಹಕ್ಕು ಅವರಿಗಿದೆ.