ದ್ರವ್ಯದ ಪಾಠವೂ ಪೇಟೆಯ ಪಾಠವೂ

ಘನಕ್ಕೆ ನಿರ್ದಿಷ್ಟ ಆಕಾರವೂ ಗಾತ್ರವೂ ಉಂಟು. ದ್ರವಕ್ಕೆ ಗಾತ್ರವುಂಟು, ಆಕಾರವಿಲ್ಲ. ಅನಿಲಕ್ಕೆ ಎರಡೂ ಇಲ್ಲ. ಈ ಮೂರು ಮಾತುಗಳನ್ನು ಒಪ್ಪಿಸಲಾರದ ವಿದ್ಯಾರ್ಥಿ ನಮ್ಮ ಪ್ರೌಢಶಾಲೆಗಳಲ್ಲಿ ವಿರಳ. ಆದರೆ ಚೀಲದ ಆಕಾರವನ್ನೇ ತಾಳುವ ಹಿಟ್ಟು ಘನವೋ ದ್ರವವೋ ಎಂದು ಕೇಳಿದರೆ ತರಗತಿ ಮೌನವಾಗುತ್ತದೆ. ಬಾಯಿಪಾಠವು ತಿಳಿವಳಿಕೆಯ ಸ್ಥಾನವನ್ನು ಆಕ್ರಮಿಸಿದುದೇ ಈ ಮೌನಕ್ಕೆ ಕಾರಣವೆಂಬುದು ನನ್ನ ದೃಢವಾದ ಅಭಿಪ್ರಾಯ. ಹಿಟ್ಟಿನ ಒಂದೊಂದು ಕಣವೂ ತನ್ನ ಆಕಾರವನ್ನು ಬಿಡದ ಘನವೇ ಎಂಬುದನ್ನು ಕಾಣಲು ಚಿಟಿಕೆ ಹಿಟ್ಟು, ಒಂದು ಭೂತಗನ್ನಡಿ ಸಾಕು.

ಹುಬ್ಬಳ್ಳಿಯ ಮಕ್ಕಳು ಈ ಪಾಠಕ್ಕಾಗಿ ದೂರ ಹೋಗಬೇಕಾದುದಿಲ್ಲ. ಸಂಜೆಯ ಹೊತ್ತು ದುರ್ಗದಬೈಲನ್ನೂ ಅದರ ಸುತ್ತಲಿನ ಪೇಟೆಯನ್ನೂ ಒಮ್ಮೆ ಕಣ್ಣು ತೆರೆದು ನೋಡಿದರಾಯಿತು. ಕಾದ ಎಣ್ಣೆಗೆ ಮಿರ್ಚಿ ಭಜಿಯನ್ನು ಬಿಟ್ಟೊಡನೆ ಬುಳುಬುಳನೆ ಗುಳ್ಳೆಗಳೇಳುತ್ತವೆ. ಕುದಿಯುತ್ತಿರುವುದು ಎಣ್ಣೆಯಲ್ಲ, ಕಲಸಿದ ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಬೀಳುತ್ತಿದೆ. ಚಹಾದ ಪಾತ್ರೆಯ ಮೇಲೆ ಬೆಳ್ಳಗೆ ತೇಲುವುದನ್ನು ನಾವು ಆವಿಯೆನ್ನುತ್ತೇವೆ. ನಿಜವಾದ ನೀರಾವಿ ಕಣ್ಣಿಗೆ ಕಾಣದು. ಕಾಣುವುದು ಅದು ತಣಿದು ಕೂಡಿದ ಸೂಕ್ಷ್ಮ ಹನಿಗಳು. ತೆರೆದಿಟ್ಟ ಕರ್ಪೂರ ನೀರಾಗದೆಯೇ ದಿನೇ ದಿನೇ ಸವೆಯುತ್ತದೆ; ಉತ್ಪತನಕ್ಕೆ ಇದಕ್ಕಿಂತ ಸುಲಭವಾದ ನಿದರ್ಶನ ಬೇಕೆ? ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಮಾಗಿಯ ಮುಂಜಾವಿನಲ್ಲಿ ಗಟ್ಟಿಯಾಗಿ, ಬಿಸಿಲೇರಿದಂತೆ ತಿಳಿಯಾಗುತ್ತದೆ.

ಇನ್ನೊಂದು ಮಾತು. ನೀರು 100 ಡಿಗ್ರಿಗೆ ಕುದಿಯುತ್ತದೆಂದು ಪುಸ್ತಕ ಹೇಳುತ್ತದೆ. ಅದು ಸಮುದ್ರಮಟ್ಟದ ಮಾತು. ಹುಬ್ಬಳ್ಳಿಯು 600 ಮೀಟರಿಗೂ ಮಿಗಿಲಾದ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಇಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಉಷ್ಣಮಾಪಕದಲ್ಲಿ 98 ಎಂದು ಕಂಡ ವಿದ್ಯಾರ್ಥಿ, ಅಂಕಗಳ ಭಯದಿಂದ ವಹಿಯಲ್ಲಿ 100 ಎಂದು ಬರೆದರೆ ನಷ್ಟವಾಗುವುದು ಎರಡು ಡಿಗ್ರಿಯಲ್ಲ; ಕಂಡುದನ್ನು ಕಂಡಂತೆ ಹೇಳುವ ಪ್ರಾಮಾಣಿಕತೆ.

ಪರೀಕ್ಷೆಗೆ ವ್ಯಾಖ್ಯೆ ಬೇಡವೇ ಎಂದು ಕೇಳುವವರುಂಟು. ಅವಶ್ಯವಾಗಿ ಬೇಕು. ಆದರೆ ವ್ಯಾಖ್ಯೆಯು ನೋಟದ ಫಲವಾಗಿ ಬರಬೇಕೇ ಹೊರತು ನೋಟಕ್ಕೆ ಅಡ್ಡಗೋಡೆಯಾಗಬಾರದು. ಮೂರೇ ಸ್ಥಿತಿಗಳೆಂದು ಬಾಯಿಪಾಠ ಮಾಡಿದವನಿಗೆ, ಮಿಂಚಿನಲ್ಲಿಯೂ ಸೂರ್ಯನಲ್ಲಿಯೂ ಇರುವ ಪ್ಲಾಸ್ಮಾ ಎಂಬ ನಾಲ್ಕನೆಯ ಸ್ಥಿತಿ ಗೊಂದಲವೆನಿಸುತ್ತದೆ. ನೋಡಿ ಕಲಿತವನಿಗೆ ಅದು ಮುಂದಿನ ಮೆಟ್ಟಿಲು.

ಭಜಿ ಕರಿಯುವವರ, ಚಹಾ ಮಾರುವವರ ಮಕ್ಕಳೂ ನಮ್ಮ ತರಗತಿಗಳಲ್ಲಿದ್ದಾರೆ. ತಂದೆತಾಯಿಗಳ ಕೈಯ ಅನುಭವವೂ ವಿದ್ಯೆಯೇ ಎಂದು ಅವರಿಗೆ ಮನಗಾಣಿಸುವ ಹೊಣೆ ಶಿಕ್ಷಕರದು. ವರ್ಷಕ್ಕೊಂದು ದಿನವಾದರೂ ವಿಜ್ಞಾನದ ತರಗತಿಯು ಪೇಟೆಯಲ್ಲಿ ನಡೆಯಲಿ.