ಹೆಸರಿಲ್ಲದ ಹತ್ತು ಸಾವಿರ ಚಿತ್ರಗಳು

ಶಹಾಡಿನಿಂದ ಡೊಂಬಿವಲಿಯವರೆಗೆ ನಮ್ಮವರ ಯಾವ ಮನೆಗೆ ಹೋದರೂ ಈಗ ಒಂದೇ ಮಾತು: "ಫೋಟೋಗಳೇ? ಎಲ್ಲ ಫೋನಿನಲ್ಲಿವೆಯಲ್ಲ!" ಇಷ್ಟು ಅಪಾಯಕಾರಿಯಾದ ಸಮಾಧಾನ ಇನ್ನೊಂದಿಲ್ಲವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಫೋನಿನಲ್ಲಿವೆ ಎಂದರೇನು? ಮಗನ ಮುಂಜಿ, ಊರಿನ ಕೋಲ, ಅಜ್ಜಿಯ ಕೊನೆಯ ದೀಪಾವಳಿ ಎಲ್ಲವೂ ಲೈಟ್ ಬಿಲ್ಲು, ಶುಭೋದಯದ ಹೂಗುಚ್ಛಗಳ ನಡುವೆ ಹೂತುಹೋಗಿವೆ ಎಂದರ್ಥ. ಕಲ್ಯಾಣ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಜೇಬು ಹಗುರವಾದರೆ ಹತ್ತು ವರ್ಷದ ಸಂಸಾರವೇ ಹೋಯಿತು!

"ಗೂಗಲ್‌ನಲ್ಲಿ ಭದ್ರವಾಗಿವೆ" ಎನ್ನುವವರು 2014ರಲ್ಲಿ ಆರ್ಕುಟ್, 2016ರಲ್ಲಿ ಪಿಕಾಸಾ ಬಾಗಿಲು ಹಾಕಿದ್ದನ್ನು ಮರೆತರೇ? ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಎರಡು ವರ್ಷ ಮುಟ್ಟದ ಖಾತೆಯನ್ನು ಅಳಿಸುವ ನಿಯಮ 2023ರಲ್ಲಿ ಬಂತು. ಬಾಡಿಗೆ ಖೋಲಿಯ ಪಾಡನ್ನು ವಲಸೆ ಬಂದ ನಮಗೆ ಯಾರೂ ಕಲಿಸಬೇಕಾಗಿಲ್ಲ. ಮಾಲೀಕ ಹೇಳಿದಂದು ಗಂಟು ಕಟ್ಟಲೇಬೇಕು.

ಹಾಗೆಂದು ಕಾಗದವೊಂದೇ ಸಾಕೆಂದೂ ನಾವು ಹೇಳುವುದಿಲ್ಲ. 2005ರ ಜುಲೈ 26ರಂದು ಉಲ್ಹಾಸ್ ನದಿಯ ನೆರೆ ಕಲ್ಯಾಣ, ಬದ್ಲಾಪುರಗಳ ತಗ್ಗಿನ ಮನೆಗಳಿಗೆ ನುಗ್ಗಿದಾಗ ತೊಯ್ದ ಆಲ್ಬಮ್ಮುಗಳಿಗೆ ಎರಡನೆಯ ಪ್ರತಿ ಎಲ್ಲಿತ್ತು? ಚಿತ್ರ ಮೂರು ಕಡೆ ಇರಬೇಕು: ಮನೆಯ ಕಂಪ್ಯೂಟರಿನಲ್ಲಿ ಒಂದು, ಹಾರ್ಡ್‌ಡಿಸ್ಕಿನಲ್ಲಿ ಒಂದು, ಊರಿನ ಅಣ್ಣನ ಮನೆಯ ಕಪಾಟಿನಲ್ಲಿ ಮತ್ತೊಂದು. ಎರಡು ಊರು ಇರುವವರಿಗೆ ಇದಕ್ಕಿಂತ ಸುಲಭವಾದುದು ಯಾವುದಿದೆ?

ವಾಟ್ಸ್ಯಾಪ್‌ನಲ್ಲಿ ಬರುವುದು ಸಾಮಾನ್ಯವಾಗಿ ಕುಗ್ಗಿಸಿದ ಚಿತ್ರ. ತೆಗೆದ ದಿನಾಂಕದ ಗುರುತೂ ಅದರಲ್ಲಿ ಉಳಿದಿರುವುದಿಲ್ಲ. ಆಲ್ಬಮ್ಮಿಗೆ ಮುದ್ರಿಸುವುದಾದರೆ ಮೂಲ ಪ್ರತಿಯನ್ನೇ ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಬೇಕು. "2024-05-12-ಮದುವೆ-ಕುಂದಾಪುರ" ಎಂದು ವರ್ಷ, ತಿಂಗಳು, ದಿನದ ಕ್ರಮದಲ್ಲಿ ಹೆಸರಿಟ್ಟರೆ ಚಿತ್ರಗಳು ತಾವಾಗಿಯೇ ಸಾಲುಗಟ್ಟುತ್ತವೆ.

ಬಿಡುವಿಲ್ಲವೆಂಬ ನೆಪ ಬೇಡ. ಲೋಕಲ್ಲಿನಲ್ಲಿ ರೀಲ್ಸ್ ನೋಡಲು ಇರುವ ಬಿಡುವಿನಲ್ಲಿ ದಿನಕ್ಕೆ ಇಪ್ಪತ್ತು ಚಿತ್ರ ಆರಿಸಬಹುದು. ಒಂದು ಮದುವೆಗೆ ನಾನೂರು ಬೇಡ, ಹನ್ನೆರಡು ಸಾಕು. ಆ ಹನ್ನೆರಡನ್ನು ಮುದ್ರಿಸಿ, ಅಂಟಿಸಿ, ಕೆಳಗೆ ಕನ್ನಡದಲ್ಲಿ ಬರೆಯಿರಿ.

ಕನ್ನಡದಲ್ಲೇ ಏಕೆ? ಯಂತ್ರ ಮುಖವನ್ನು ಗುರುತಿಸೀತು. ಆದರೆ ನಮಗೆ ಈ ಮುಂಬಯಿಯಲ್ಲಿ ಮೊದಲು ಚಾಪೆ ಹಾಸಿಕೊಟ್ಟ ಸೋದರಮಾವ ಇವರೇ ಎಂದು ಹೇಳಲಾರದು. ಅದನ್ನು ಹೇಳಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಇಂಗ್ಲಿಷ್, ಮರಾಠಿ ಮಾಧ್ಯಮದಲ್ಲಿ ಕಲಿಯುವ ನಮ್ಮ ಮಕ್ಕಳಿಗೆ 'ಅಂಕಲ್' ಒಬ್ಬನೇ. ದೊಡ್ಡಪ್ಪ, ಚಿಕ್ಕಪ್ಪ, ಮಾವ ಎಂಬ ಭೇದವನ್ನು ಆ ಪುಟವೇ ಕಲಿಸಬೇಕು.

ನಮ್ಮ ಸಂಘಗಳೂ ಕೇಳಿಸಿಕೊಳ್ಳಲಿ. ರಾಜ್ಯೋತ್ಸವದಲ್ಲಿ ಶಾಲು ಹೊದ್ದ ಅತಿಥಿಗಳ ಹೆಸರು ಫೇಸ್‌ಬುಕ್ಕಿನಲ್ಲಿದೆ. ಬೆಳಗಿನಿಂದ ಅಡಿಗೆಗೆ ನಿಂತ ಅಕ್ಕಂದಿರ ಹೆಸರೆಲ್ಲಿ?

ಹೇಳುವ ಅಜ್ಜಿ ಇರುವಾಗಲೇ ಕೇಳಿ ಬರೆದುಕೊಳ್ಳಿ. ಹೆಸರಿಲ್ಲದ ಚಿತ್ರ ಮೊಮ್ಮಕ್ಕಳ ಪಾಲಿಗೆ ಯಾರೋ ಅಪರಿಚಿತರ ಚಿತ್ರ.